ಅತ್ತೆಯ ಮೊಣಕಾಲು, ಗುಡಿಯ ಮೆಟ್ಟಿಲು

ನಮ್ಮ ಅತ್ತೆ ಯಾರ ಕೈಯನ್ನೂ ಹಿಡಿದು ಎದ್ದವರಲ್ಲ. ಊಟ ಮಾಡಿ ಏಳುವಾಗ ನಾನು ಕೈ ಕೊಡಲು ಹೋದರೆ, "ನಾನೇನು ಗಬ್ಬದ ಎಮ್ಮೇನಾ? ಸರಿ ಅತ್ಲಾಗೆ" ಎಂದು ಗದರುತ್ತಿದ್ದರು. ಅಂಥವರನ್ನು ಒಂದು ಸೋಮವಾರ ಅವರ ಮಗ, ಅಂದರೆ ನಮ್ಮ ಯಜಮಾನರು, ಊರವರೆಲ್ಲ ನೋಡುತ್ತಿರುವಾಗ ಕಂಕುಳಿಗೆ ಕೈ ಹಾಕಿ ಭತ್ತದ ಚೀಲದ ಹಾಗೆ ಎತ್ತಿ ಈಶ್ವರನ ಗುಡಿಯೊಳಗೆ ಇಟ್ಟರು. ಎತ್ತುವಾಗ "ಹುಪ್" ಎಂದು ಬೇರೆ ಅಂದರು. ಗುಡಿಯ ಮುಂದೆ ಕೂತಿದ್ದವರು ನಕ್ಕರು. ಅತ್ತೆ ಅವತ್ತು ದೇವರ ಕಡೆ ತಿರುಗಿಯೂ ನೋಡಲಿಲ್ಲ. ಮನೆಗೆ ಬಂದವರೇ ನಡುಮನೆಯಲ್ಲಿ ನಿಂತು ಘೋಷಿಸಿದರು:

"ನನ್ನ ಕಾಲಲ್ಲಿ ನಾನು ಹತ್ತಾ ತನಕ ಆ ಗುಡಿ ಒಳಗೆ ಹೋಗಾದಿಲ್ಲ. ಸತ್ತ ಮೇಲೆ ಹೆಂಗೂ ಹೊತ್ಕಂಡು ಹೋಗ್ತೀರಿ. ಈಗಲೇ ಯಾಕೆ ಅಭ್ಯಾಸ ಮಾಡ್ಕಂತೀರಿ?"

ಅವತ್ತಿನಿಂದ ಪ್ರತಿ ಸೋಮವಾರ ಅತ್ತೆ ಗುಡಿಯ ಹೊರಗೆ ಬಿಸಿಲಲ್ಲಿ ನಿಂತು, ಕತ್ತು ಚಾಚಿ, ಒಳಗಿನ ಕತ್ತಲೆಗೆ ಕೈಮುಗಿದು ಬರತೊಡಗಿದರು. ಒಳಗೆ ಲಿಂಗವಿರಲಿ, ದೀಪವೂ ಅಲ್ಲಿಂದ ಕಾಣುತ್ತಿರಲಿಲ್ಲ. ಬಂದ ಮೇಲೆ ಸಿಟ್ಟೆಲ್ಲ ನನ್ನ ಮೇಲೆ. ಸಾರಿಗೆ ಉಪ್ಪು ಹೆಚ್ಚು, ಅಂಗಳದಲ್ಲಿ ಕಸ, ಬಚ್ಚಲ ಕಲ್ಲಿನ ಮೇಲೆ ಪಾಚಿ. ಆ ಬಚ್ಚಲ ಕಲ್ಲಿನದೇ ನನಗೊಂದು ದೊಡ್ಡ ಗೋಳು. ಮೂರು ಜನ ಸಾಲಾಗಿ ನಿಲ್ಲುವಷ್ಟು ಉದ್ದದ ಕಲ್ಲು ಅದು. ನೀರು ಹರಿದು ಹೋಗುವ ಕಡೆಯ ಅಂಚಿನಲ್ಲಿ ಬಳ್ಳಿಯೋ ಹೂವೋ ಏನೋ ಕೊರೆದಿತ್ತು. ಆ ಸಂದಿಗಳಲ್ಲಿ ಸೀಗೆಪುಡಿ ಹೋಗಿ ಕೂತರೆ ಬರುತ್ತಲೇ ಇರಲಿಲ್ಲ. ತೆಂಗಿನ ನಾರು ಹಿಡಿದು ಅದನ್ನು ತಿಕ್ಕುವಾಗಲೆಲ್ಲ, ಸ್ನಾನದ ಕಲ್ಲಿಗೂ ಚಿತ್ತಾರ ಕೊರೆದ ಆ ಮಹಾನುಭಾವನ ವಂಶವನ್ನೆಲ್ಲ ಬೈಯುತ್ತಿದ್ದೆ. ಮದುವೆಯಾಗಿ ಬಂದ ಮೇಲೆ ಈ ಕಲ್ಲಿನ ವಿಷಯದಲ್ಲಿ ಅತ್ತೆಯಿಂದ ಒಂದು ಒಳ್ಳೆಯ ಮಾತು ಕೇಳಿದವಳಲ್ಲ ನಾನು.

ಗುಡಿಯ ಕಥೆಗೆ ಬರುತ್ತೇನೆ. ಅದನ್ನು ಯಾವ ರಾಜ ಕಟ್ಟಿಸಿದ್ದೋ ನಮ್ಮೂರಿನ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಯಾರ ಪೂಜೆಯೂ ನಿಂತಿರಲಿಲ್ಲ. ಕಲ್ಲಿನ ಜಗಲಿಯ ಮೇಲೆ ಎದ್ದ ಗುಡಿ. ಜಗಲಿ ಆಳಿನ ತೊಡೆಯೆತ್ತರ, ಹತ್ತಲು ಮೆಟ್ಟಿಲಿಲ್ಲ. ಹಿಂದಿನವರು ಬಾಗಿಲ ಮುಂದೆ ಕಾಡುಗಲ್ಲು ಪೇರಿಸಿಟ್ಟಿದ್ದರು. ಅದರ ಮೇಲೆ ಕಾಲಿಟ್ಟು ಎಲ್ಲರೂ ಹತ್ತುತ್ತಿದ್ದರು, ಅತ್ತೆಯೂ ಹತ್ತುತ್ತಿದ್ದರು. ಏಕೀಕರಣವಾಗಿ ಒಂದೆರಡು ವರ್ಷ ಕಳೆದಿತ್ತು. ಪ್ರಾಚ್ಯವಸ್ತು ಇಲಾಖೆಯವರು ಜೀಪಿನಲ್ಲಿ ಬಂದು, ಇದು ಸಂರಕ್ಷಿತ ಸ್ಮಾರಕ, ಹಾಳು ಮಾಡಿದವರಿಗೂ ಮಾರ್ಪಾಟು ಮಾಡಿದವರಿಗೂ ಶಿಕ್ಷೆ ಎಂದು ಒಂದು ನೀಲಿ ಬೋರ್ಡು ನೆಟ್ಟರು. ಹೋಗುವಾಗ ಆ ಕಲ್ಲುರಾಶಿ ಗುಡಿಗೆ ಸೇರಿದ್ದಲ್ಲವೆಂದು ಹಳ್ಳಕ್ಕೆ ಎಸೆಸಿ ಹೋದರು. ನಮ್ಮ ಹೆಂಗಸರು ಬೋರ್ಡಿಗೂ ವಿಭೂತಿ ಹಚ್ಚಿ ಕೈಮುಗಿದರು. ಗುಡಿಯ ಮುಂದೆ ನಿಂತದ್ದೆಲ್ಲ ದೇವರೇ ತಾನೆ.

ಒಂದು ಸ್ಟೂಲು ಇಟ್ಟುಕೊಂಡರೆ ಆಗುತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಇಟ್ಟೆವು. ಹಾಲು ಕರೆಯುವಾಗ ಕೂರುವ ಸ್ಟೂಲನ್ನು ನಾನೇ ಹೊತ್ತುಕೊಂಡು ಹೋದೆ. ಆದರೆ ಇಲಾಖೆಯವರು ಗುಡಿಯ ಪೂಜಾರಿಯನ್ನೇ ಕಾವಲುಗಾರನನ್ನಾಗಿ ಮಾಡಿ ಒಂದು ಖಾಕಿ ಕೋಟು ಕೊಟ್ಟಿದ್ದರು. ಕೋಟು ಬಿಚ್ಚಿದರೆ ಅವರು ದೇವರ ಕಡೆ, ಹಾಕಿದರೆ ಸರ್ಕಾರದ ಕಡೆ. ನಮ್ಮ ಸ್ಟೂಲು ಕಂಡದ್ದೇ ತಡ, ಅರ್ಧ ಹಚ್ಚಿದ್ದ ಕರ್ಪೂರ ಬಿಟ್ಟು ಓಡಿಬಂದು ಕೋಟು ತೊಟ್ಟರು.

"ಇದು ಇಲಾಖೆ ಜಾಗ. ಏನೂ ಇಡಂಗಿಲ್ಲ, ತಗೀರಿ."

"ಅಯ್ನೋರೇ, ಕೋಟು ಬಿಚ್ಚಿ ಮಾತಾಡ್ರಿ" ಎಂದರು ಅತ್ತೆ.

"ಬಿಚ್ಚಿದ್ರೂ ಅದೇ ಮಾತು. ಬೇಕಾದ್ರೆ ಅಪ್ಪಣೆ ತಗಂಡು ಬರ್ರಿ. ಸ್ಟೂಲು ಯಾಕೆ, ಕಲ್ಲಿನ ಮೆಟ್ಲೇ ಕಟ್ಟಿಸ್ರಿ. ನಾನೇ ಹಾರ ಹಾಕ್ತೀನಿ."

ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎನ್ನುವುದು ಸುಳ್ಳಲ್ಲ. ಆದರೆ ಅತ್ತೆಗೆ ಆ ಮಾತಿನಲ್ಲಿ ದಾರಿ ಕಂಡಿತು. ಅಪ್ಪಣೆ ತರುವುದು, ಒಂದೇ ಒಂದು ಕಲ್ಲಿನ ಮೆಟ್ಟಿಲು ಹಾಕಿಸುವುದು, ತನ್ನ ಕಾಲಲ್ಲೇ ಹತ್ತುವುದು. ಯಜಮಾನರಿಗೆ ಹಂದಿ ಹೊಲಕ್ಕೆ ಬಂದರೆ ಒಬ್ಬರೇ ಓಡಿಸುವ ಧೈರ್ಯವಿತ್ತು, ಗುಮಾಸ್ತನ ಎದುರು ನಿಲ್ಲುವ ಧೈರ್ಯವಿರಲಿಲ್ಲ. "ಬಿತ್ತನೆ ಕೆಲಸ ಐತೆ" ಎಂದು ಹೊಲಕ್ಕೆ ಹೋಗಿಬಿಟ್ಟರು. ನಾನು ಲೋವರ್ ಸೆಕೆಂಡರಿ ಪಾಸಾದವಳು. ಆ ಓದನ್ನು ಅಲ್ಲಿಯವರೆಗೆ ಅತ್ತೆ ನನ್ನ ರೋಗವೆಂದೇ ತಿಳಿದಿದ್ದರು. ಅವತ್ತು ಮೊದಲ ಸಲ, "ಏ ತಂಗಿ, ಒಳ್ಳೇ ಸೀರೆ ಉಟ್ಕ. ಕಚೇರಿಗೆ ಹೋಗಾಣ" ಎಂದರು.

ಸೊರಬದ ತಾಲ್ಲೂಕು ಕಚೇರಿಯ ಗುಮಾಸ್ತ ಅರ್ಜಿಯನ್ನು ಎರಡು ಬೆರಳಲ್ಲಿ ಹಿಡಿದು ಓದಿ, ಗೋಡೆಯ ಮೇಲಿನ ನಕ್ಷೆಯ ಹತ್ತಿರ ಹೋಗಿ, ಮೂಗು ತಾಗುವಷ್ಟು ಬಗ್ಗಿ ನೋಡಿ ಬಂದ.

"ಊರು ನಮ್ದೇ ಮಾರಾಯ್ತಿ. ಆದ್ರೆ ಗುಡಿ ಹಳ್ಳದ ಆಚೆ ಉಂಟಲ್ಲ. ಹಳ್ಳ ದಾಟಿದ್ರೆ ಶಿಕಾರಿಪುರ ತಾಲ್ಲೂಕು."

"ದೇವರು ನಮ್ಮೂರೋನು ಕಣಪ್ಪಾ" ಎಂದರು ಅತ್ತೆ.

"ದೇವರು ನಿಮ್ಮೂರೋನೇ ಇರಬಹುದು. ಕಟ್ಟಡ ಶಿಕಾರಿಪುರದ್ದು."

ಮಾರನೆಯ ದಿನ ಮತ್ತೆ ಬಸ್ಸು. ಶಿರಾಳಕೊಪ್ಪದಲ್ಲಿ ಇಳಿದು ಇನ್ನೊಂದು ಬಸ್ಸು. ಶಿಕಾರಿಪುರದ ಕಚೇರಿಯವರು ಬಲು ಮರ್ಯಾದೆಯಿಂದ ಬೆಂಚು ತೋರಿಸಿ ಕೂರಿಸಿದರು. ಊಟದ ಹೊತ್ತು ಮೀರಿದ ಮೇಲೆ ಕರೆದು, "ಕಟ್ಟಡ ನಮ್ಮ ತಾಲ್ಲೂಕಿನಾಗೇ ಐತ್ರಿ. ಆದ್ರೆ ಬೋರ್ಡು ನೆಟ್ಟ ಮ್ಯಾಲೆ ನಮಗೂ ಅದಕ್ಕೂ ಸಂಬಂಧ ಇಲ್ಲ. ನೀವು ಇಲಾಖೆಗೇ ಬರೀರಿ. ಒಂದು ನಕ್ಷೆ ಬರೆದು ಲಗತ್ತು ಮಾಡ್ರಿ" ಎಂದರು. ಹೋದ ಪುಟ್ಟ ಬಂದ ಪುಟ್ಟ ಎನ್ನುವ ಹಾಗೆ ನಾವು ಕತ್ತಲಾಗುವಷ್ಟರಲ್ಲಿ ಊರಿಗೆ ಬಂದೆವು. ಬಸ್ಸಿನಲ್ಲಿ ಅತ್ತೆ ನನ್ನ ಭುಜಕ್ಕೆ ಒರಗಿ ನಿದ್ದೆ ಮಾಡಿದರು. ಎಚ್ಚರವಾದ ಕೂಡಲೇ ನಾನೇ ಅವರ ಕಡೆಗೆ ಒರಗಿದ್ದೆನೆಂದು ಬೈದರು.

ನಕ್ಷೆ ಬರೆದೆ. ಅಡ್ಡಕ್ಕೊಂದು ಉದ್ದನೆಯ ಚೌಕ ಎಳೆದದ್ದನ್ನು ನೋಡಿ ಅತ್ತೆ, "ಇದೇನು ರೊಟ್ಟಿ ತಟ್ಟಾ ಹಲಗೆ?" ಎಂದರು. ಮಾರ್ಪಾಟಿನ ಉದ್ದೇಶವೇನು ಎನ್ನುವಲ್ಲಿ ಯೋಚಿಸಿ ಯೋಚಿಸಿ "ನಮ್ಮ ಅತ್ತೆಯವರ ಮೊಣಕಾಲು" ಎಂದು ಬರೆದು ಅಂಚೆಗೆ ಹಾಕಿದೆ. ಬಹಳ ದಿನಗಳ ಮೇಲೆ ಉತ್ತರ ಬಂತು. ಸೇರಿಸಲಿರುವ ಭಾಗವು ಸ್ಮಾರಕದ ಕಾಲಕ್ಕೂ ಶೈಲಿಗೂ ಹೊಂದುತ್ತದೆಯೇ ಎಂದು ಕೇಳಿದ್ದರು. ಓದಿ ಹೇಳಿದೆ. ಅತ್ತೆ ಎಲೆ ಅಡಿಕೆ ಮೆಲ್ಲುತ್ತ, "ಬರಿ. ಮೊಣಕಾಲೂ ಅದೇ ಕಾಲದ್ದು ಅಂತ ಬರಿ" ಎಂದರು. ನಾನು ಹಾಗೆ ಬರೆಯಲಿಲ್ಲ. ಹಿರಿಯರೊಬ್ಬರು ಬಿಸಿಲಲ್ಲಿ ನಿಂತು ದೇವರನ್ನು ಕಾಣದೆ ಹಿಂದಿರುಗುತ್ತಿದ್ದಾರೆ, ತಾವು ಒಮ್ಮೆ ಬಂದು ನೋಡಿದರೆ ಸಾಕು ಎಂದು ಬರೆದೆ. ಬರೆದದ್ದನ್ನು ಎರಡೆರಡು ಸಲ ಓದಿಕೊಂಡೆ. ಅತ್ತೆಯ ಮೇಲೆ ನನಗೆ ಅಷ್ಟು ಪ್ರೀತಿ ಇದೆಯೆಂದು ಅಲ್ಲಿಯವರೆಗೆ ನನಗೇ ಗೊತ್ತಿರಲಿಲ್ಲ.

ಸಾಹೇಬರು ಇಂಥ ದಿನ ಸ್ಥಳ ನೋಡಲು ಬರುತ್ತಾರೆಂದು ಕಾಗದ ಬಂತು. ಊರಿಗೆ ಊರೇ ಎದ್ದು ನಿಂತಿತು. ನಮ್ಮ ಕಡೆ ದೊಡ್ಡವರು ಬರುತ್ತಾರೆಂದರೆ ಏನು ಮಾಡುತ್ತಾರೆ? ಸುಣ್ಣ ಬಳಿಯುತ್ತಾರೆ. ಮದುವೆಗೆ ಬೀಗರು ಬರಲಿ, ಶಾಲೆಗೆ ಇನ್‌ಸ್ಪೆಕ್ಟರು ಬರಲಿ, ಮೊದಲು ಸುಣ್ಣ. ಗುಡಿ ನೋಡಲು ಬರುವ ಸಾಹೇಬರಿಗೆ ಕಪ್ಪು ಹಿಡಿದ ಗುಡಿಯನ್ನು ತೋರಿಸುವುದು ಊರಿಗೇ ಅವಮಾನವಲ್ಲವೇ? ಗಂಡಸರೆಲ್ಲ ಸೇರಿ ಕೈಗೆಟುಕುವಷ್ಟೂ ಗೋಡೆಗೆ, ಕಂಬಕ್ಕೆ, ಜಗಲಿಗೆ ಗಟ್ಟಿ ಸುಣ್ಣ ಬಳಿದರು. ಅದರ ಮೇಲೆ ಕೆಮ್ಮಣ್ಣಿನ ಪಟ್ಟೆ ಎಳೆದರು. ಪೂಜಾರಿ ಖಾಕಿ ಕೋಟು ತೊಟ್ಟು, ಎಲ್ಲಿ ತೆಳುವಾಗಿದೆ ಎಂದು ಬೆರಳು ಮಾಡಿ ತೋರಿಸುತ್ತ ಉಸ್ತುವಾರಿ ನಡೆಸಿದರು. ಬೋರ್ಡಿನ ಕಂಬಕ್ಕೂ ಸುಣ್ಣ ಬಿತ್ತು. ಮಾವಿನ ತೋರಣ ಕಟ್ಟಿದ ಮೇಲೆ ಗುಡಿ ಹೊಸ ಪಟೇಲರ ಮನೆಯ ಹಾಗೆ ಹೊಳೆಯತೊಡಗಿತು.

ಜೀಪು ಬಂತು. ನಡುವಯಸ್ಸಿನ, ಸಣಕಲು ಸಾಹೇಬರು. ಇಳಿದವರು ಅಲ್ಲೇ ನಿಂತುಬಿಟ್ಟರು. ಸಂತೋಷಕ್ಕೆ ಮಾತು ಹೊರಡುತ್ತಿಲ್ಲವೆಂದು ನಾವು ತಿಳಿದೆವು.

"ಯಾರ್ರೀ ಇದನ್ನ ಮಾಡಿದ್ದು?"

"ನಾನು ಸ್ವಾಮಿ" ಎಂದು ಒಬ್ಬ ಮುಂದೆ ಬಂದ. "ಕಂಬ ಎಲ್ಲಾ ನಂದೇ ರೀ" ಎಂದ ಇನ್ನೊಬ್ಬ. "ಮೇಲಿನ ಪಟ್ಟೆ ನಾನು ಹೊಡೆದಿದ್ದು" ಎಂದು ನಮ್ಮ ಯಜಮಾನರೂ ಎದೆಯುಬ್ಬಿಸಿದರು. ಪೂಜಾರಿಯಂತೂ, "ಎಲ್ಲಾ ನಾನೇ ನಿಂತು ಮಾಡಿಸಿದ್ದು ಬುದ್ಧೀ" ಎಂದರು. ಸಾಹೇಬರು ಟೋಪಿ ತೆಗೆದು ಹಣೆಗೆ ಬಡಿದುಕೊಂಡರು.

"ಸಾವಿರ ವರ್ಷದ ಕೆತ್ತನೆಗೆ ಸುಣ್ಣ ಬಳಿದಿದೀರಲ್ರೀ! ಇದು ಅಪರಾಧ ಕಣ್ರೀ, ಅಪರಾಧ! ಬೋರ್ಡು ಓದೋಕೆ ಬರಲ್ವಾ?"

ಬೋರ್ಡಿನ ಮೇಲೆ ವಿಭೂತಿ ಬಳಿದಿತ್ತು, ಓದಲು ಬರುತ್ತಿರಲಿಲ್ಲ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಸುಣ್ಣ ಬಳಿದವರು ಒಬ್ಬರೂ ಅಲ್ಲಿರಲಿಲ್ಲ. ಪೂಜಾರಿ ಕೋಟು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡಿದ್ದರು. ಅತ್ತೆಯ ಮುಖ ನೋಡಿದೆ. ಬಾಡಿಹೋಗಿತ್ತು. ಮೆಟ್ಟಿಲಿನ ಮಾತೆತ್ತುವುದಕ್ಕೂ ಮೊದಲೇ ಎಲ್ಲ ಮುಗಿದುಹೋಯಿತೆಂದು ನನಗೂ ಅನ್ನಿಸಿತು. ಆದರೂ ಅವರು ಸಾಹೇಬರ ಹತ್ತಿರ ಹೋಗಿ ಹೇಳಿದರು:

"ದೂರದಿಂದ ಬಂದೀರಿ, ಧೂಳು ತುಂಬೈತೆ. ಮನೆಗೆ ಬರ್ರಿ. ಕಾಲಿಗೆ ನೀರು ತಗಂಡು, ಒಂದು ಲೋಟ ಮಜ್ಜಿಗೆ ಕುಡೀರಿ. ಆಮೇಲೆ ಎಷ್ಟು ಬೇಕೋ ಅಷ್ಟು ಬೈಯ್ರಿ."

ಬಿಸಿಲಿಗೋ ಆ ದನಿಗೋ ಸಾಹೇಬರು ಬಂದರು. ಹಳ್ಳ ದಾಟಿ ಬರುವವರೆಗೂ ಮೆಟ್ಟಿಲಿಗೆ ಅನುಮತಿ ಕೊಡುವುದು ತಮ್ಮ ಕೈಯಲ್ಲಿಲ್ಲವೆಂದು ಹೇಳುತ್ತಲೇ ಇದ್ದರು. ಸ್ಮಾರಕಕ್ಕೆ ಹೊಸ ಕಲ್ಲು ಸೇರಿಸಬೇಕಾದರೆ ಡೆಲ್ಲಿಯ ತನಕ ಬರೆಯಬೇಕು, ಬರೆದರೂ ಕೊಡುವುದಿಲ್ಲ ಎಂದರು. ಅತ್ತೆ ಹ್ಞೂಂ ಹ್ಞೂಂ ಎನ್ನುತ್ತ ನಡೆದರು. ನಾನು ಬಚ್ಚಲಿಗೆ ಬಿಸಿನೀರಿನ ಚೊಂಬು ಇಟ್ಟು, ಮಜ್ಜಿಗೆಗೆ ಒಗ್ಗರಣೆ ಹಾಕಲು ಹೋದೆ.

ಒಗ್ಗರಣೆ ಆಯಿತು, ಮಜ್ಜಿಗೆ ಲೋಟಕ್ಕೆ ಬಂತು. ಸಾಹೇಬರು ಮಾತ್ರ ಬಚ್ಚಲಿನಿಂದ ಬರಲಿಲ್ಲ. ಜಾರಿ ಬಿದ್ದರೇನೋ ಎಂದು ಅತ್ತೆ ನನ್ನತ್ತ ಉರಿಗಣ್ಣು ಬಿಟ್ಟರು. "ಪಾಚಿ ತಿಕ್ಕು ಅಂತ ಬಡ್ಕಂಡೆ" ಎಂದರು. ಯಜಮಾನರು ಹೊರಗಿನಿಂದ ಕೆಮ್ಮಿದರು. ಕೊನೆಗೆ ಬಾಗಿಲು ದೂಡಿ ನೋಡಿದರೆ ಸಾಹೇಬರು ಪ್ಯಾಂಟು ಮೊಣಕಾಲಿಗೆ ಮಡಚಿ, ನೀರು ಹೋಗುವ ದೋಣಿಯಲ್ಲಿ ಕುಕ್ಕರಗಾಲಲ್ಲಿ ಕೂತು, ನನ್ನ ತೆಂಗಿನ ನಾರು ಹಿಡಿದು ಕಲ್ಲಿನ ಅಂಚನ್ನು ತಿಕ್ಕುತ್ತಿದ್ದರು.

"ಅಯ್ಯೋ, ನೀವ್ಯಾಕ್ರೀ ತಿಕ್ತೀರಿ? ನಮ್ಮ ಸೊಸೆ ಇಲ್ವಾ?" ಎಂದರು ಅತ್ತೆ.

"ಅಮ್ಮಾ, ಈ ಕಲ್ಲು ಎಲ್ಲಿಂದ ಬಂತು?"

ಅವರ ದನಿಯಲ್ಲಿ ಏನೋ ಇತ್ತು. ಯಜಮಾನರು ಬಿಳಿಚಿಕೊಂಡರು. ಯಾರೂ ಕೇಳದಿದ್ದರೂ, "ನಾನಲ್ಲ ರೀ, ನಮ್ಮಪ್ಪ ಅಲ್ಲ. ನಮ್ಮ ಮುತ್ತಜ್ಜ ಮನೆ ಕಟ್ಟಿಸುವಾಗ ತಂದಿದ್ದಂತೆ" ಎಂದು ಒಂದೇ ಉಸಿರಿಗೆ ಒಪ್ಪಿಸಿದರು.

"ಅವನು ಸತ್ತು ಮಣ್ಣಾಗ್ಯಾನೆ. ಬೇಕಾದ್ರೆ ಅವನ ಮೇಲೇ ಕೇಸು ಹಾಕ್ರಿ" ಎಂದರು ಅತ್ತೆ.

ಸಾಹೇಬರು ನಕ್ಕರು. ಬಂದಾಗಿನಿಂದ ಮೊದಲ ಸಲ. ಟೇಪು ತರಿಸಿ ಕಲ್ಲನ್ನು ಅಳೆದರು. ಮಜ್ಜಿಗೆ ಮರೆತು ಬರಿಗಾಲಲ್ಲೇ ಗುಡಿಗೆ ನಡೆದರು. ಹಿಂದೆ ನಾವು, ನಮ್ಮ ಹಿಂದೆ ಅಡಗಿದ್ದ ಊರು. ಜಗಲಿಯ ಮುಂಭಾಗದಲ್ಲಿ ಒಂದು ಕಡೆ ತೋರಿಸಿ, "ಇಲ್ಲಿ ಸುಣ್ಣ ತೆಗೀಬೇಕು. ನಿಧಾನಕ್ಕೆ, ಕಲ್ಲಿಗೆ ಗೀರು ಬೀಳಬಾರದು. ಯಾರಿಗೆ ಬರುತ್ತೆ?" ಎಂದರು. ಎಲ್ಲರೂ ನನ್ನ ಕಡೆ ನೋಡಿದರು. ಸುಣ್ಣ ಬಳಿಯುವಾಗ ನನ್ನನ್ನು ಯಾರೂ ಕರೆದಿರಲಿಲ್ಲ, ತಿಕ್ಕುವುದಕ್ಕೆ ಮಾತ್ರ ನಾನು ಬೇಕಾದೆ. ಹಸಿ ಸುಣ್ಣ, ನೀರು ಹುಯ್ದು ನಾರಿನಲ್ಲಿ ತಿಕ್ಕಿದ ಹಾಗೆ ಒಂದು ಬಳ್ಳಿ ಎದ್ದು ಬಂತು. ನೋಡಿದ ಕೂಡಲೇ ಗುರುತು ಹಿಡಿದೆ. ಆ ಸುರುಳಿ, ಆ ಸಂದಿ, ಸೀಗೆಪುಡಿ ಸಿಕ್ಕಿಕೊಳ್ಳುವ ಆ ಹಾಳು ಎಲೆ. ನನ್ನ ಬೆರಳಿಗೆ ಅದು ಬಾಯಿಪಾಠವಾಗಿತ್ತು. ಬಾಗಿಲ ನೇರಕ್ಕೆ ಬರುತ್ತಲೇ ಬಳ್ಳಿ ಅರ್ಧಕ್ಕೆ ಕಡಿದುಹೋಗಿತ್ತು. ಉಳಿದರ್ಧ ನಮ್ಮ ಬಚ್ಚಲಿನಲ್ಲಿತ್ತು.

"ಇದು ಈ ಗುಡಿಯ ಮೆಟ್ಟಿಲು ಕಣಮ್ಮಾ. ಹೊಸದನ್ನ ಸೇರಿಸೋದಾದ್ರೆ ಡೆಲ್ಲಿ ತನಕ ಬರೀಬೇಕು. ಇದ್ದಿದ್ದನ್ನ ಇದ್ದ ಕಡೆ ಇಡೋದಕ್ಕೆ ನಾನೇ ಸಾಕು" ಎಂದರು ಸಾಹೇಬರು.

ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯುವುದೆಂದರೆ ಇದೇ. ಸೊರಬಕ್ಕೆ ಹೋಗುವ ದಿನವೂ ಶಿಕಾರಿಪುರಕ್ಕೆ ಹೋಗುವ ದಿನವೂ ನಾವಿಬ್ಬರೂ ಅದೇ ಮೆಟ್ಟಿಲ ಮೇಲೆ ನಿಂತು ಸ್ನಾನ ಮಾಡಿಕೊಂಡು ಹೊರಟಿದ್ದೆವು. ನನಗೆ ನಗು ತಡೆಯಲಾಗಲಿಲ್ಲ. ಅತ್ತೆ ಮಾತ್ರ ನಗಲಿಲ್ಲ. ಮನೆಗೆ ಬಂದು ಬಚ್ಚಲ ಬಾಗಿಲಲ್ಲಿ ಬಹಳ ಹೊತ್ತು ಕೂತರು.

"ಈ ಮನೆಗೆ ಬಂದ ದಿನ ಅರಿಶಿನದ ನೀರು ಹುಯ್ಕಂಡಿದ್ದು ಇದರ ಮೇಲೆ. ಹೆತ್ತ ಮೇಲೆ ಎಣ್ಣೆನೀರು ಹಾಕಿದ್ದೂ ಇದರ ಮೇಲೆ. ದೇವರ ಮೆಟ್ಲು ಅಂತ ಗೊತ್ತಿರಲಿಲ್ಲ ತಂಗಿ. ಎಂಥೆಂಥಾ ಕೊಳೆ ತೊಳಕಂಡೀನಿ" ಎಂದರು. ಅವರು ಅಳುವುದನ್ನು ನಾನು ನೋಡಿದ್ದು ಅವತ್ತೇ. ಏನು ಹೇಳಬೇಕೋ ತಿಳಿಯದೆ ಮಜ್ಜಿಗೆ ತಂದು ಕೊಟ್ಟೆ. ಉಪ್ಪು ಹೆಚ್ಚಾಯಿತೆಂದರು. ಸದ್ಯ, ಸರಿಹೋದರು ಅಂದುಕೊಂಡೆ.

ಊರಿನ ಗಂಡಸರು ಹಾರೆ ಹಾಕಿ ಕಲ್ಲೆತ್ತಿ, ಗಾಡಿಯಲ್ಲಿ ಹಳ್ಳ ದಾಟಿಸಿದರು. ಸುಣ್ಣ ಬಳಿದವರೇ ದಿನಗಟ್ಟಲೆ ಗೋಡೆ ತಿಕ್ಕಿದರು, ನಾನು ಪೂಜಾರಿಯ ಹಾಗೆ ಬೆರಳು ಮಾಡಿ ತೋರಿಸಿದೆ. ಇಲಾಖೆಯ ಮೇಸ್ತ್ರಿ ಬಂದು ಮೆಟ್ಟಿಲು ಕೂರಿಸಿದ. ನಮ್ಮ ಬಚ್ಚಲಿನಲ್ಲಿ ಎಮ್ಮೆ ಮಲಗುವಷ್ಟು ದೊಡ್ಡ ಗುಂಡಿ ಉಳಿಯಿತು. ಮನೆಯವರೆಲ್ಲ ಒಂದು ಹಲಗೆಯ ಮೇಲೆ ತೂಗಾಡುತ್ತ ಸ್ನಾನ ಮಾಡಿದೆವು.

ಕೆಲಸ ನೋಡಲು ಸಾಹೇಬರು ಬಂದದ್ದು ಸೋಮವಾರವೇ. ಊರೆಲ್ಲ ಸೇರಿತ್ತು. ಅತ್ತೆ ತೊಳೆದ ಸೀರೆ ಉಟ್ಟು ಬಂದು ಮೆಟ್ಟಿಲ ಮುಂದೆ ನಿಂತರು. ಹತ್ತಲಿಲ್ಲ. "ಶುದ್ಧ ಮಾಡಬೇಕೇನ್ರಿ ಅಯ್ನೋರೇ? ಬಚ್ಚಲಾಗೆ ಇದ್ದಿದ್ದು" ಎಂದರು ಮೆಲ್ಲಗೆ. ಪೂಜಾರಿ ಅವತ್ತು ಕೋಟು ಹಾಕಿರಲಿಲ್ಲ. ತಲೆ ಕೆರೆದುಕೊಂಡು ಹೇಳಿದರು:

"ಇದರ ಮೇಲೆ ಬಿದ್ದಷ್ಟು ನೀರು ಒಳಗಿರೋ ಈಶ್ವರನ ತಲೆ ಮೇಲೂ ಬಿದ್ದಿಲ್ಲ. ಸುಮ್ನೆ ಹತ್ತವ್ವಾ."

ಅತ್ತೆ ಆಗಲೂ ಅನುಮಾನಿಸಿದರು. ಧೈರ್ಯ ತುಂಬಲೆಂದು ಸಾಹೇಬರೇ, "ನೋಡಿ, ಹೀಗೆ" ಎಂದು ಮುಂದೆ ಹೋಗಿ ಮೆಟ್ಟಿಲಿಗೆ ಕಾಲಿಟ್ಟರು. ಇಟ್ಟ ಕಾಲು ಸುಯ್ಯೆಂದು ಜಾರಿತು. ಮೇಸ್ತ್ರಿ ಹಿಡಿಯದಿದ್ದರೆ ಸಾಹೇಬರು ನೀಲಿ ಬೋರ್ಡನ್ನು ಅಪ್ಪಿಕೊಳ್ಳುತ್ತಿದ್ದರು. ಅವರ ಹಿಂದೆ ಹೋದ ಯಜಮಾನರೂ ಜಾರಿ ಪೂಜಾರಿಯ ಮೇಲೆ ಬಿದ್ದರು. ಎಷ್ಟು ತಲೆಮಾರಿನ ಎಣ್ಣೆ, ಸೀಗೆಪುಡಿ ಕುಡಿದ ಕಲ್ಲೋ ಅದು.

"ಅಯ್ಯ, ಎಡಗಡೆ ಯಾಕೆ ಇಟ್ರಿ? ಎಡಗಡೆ ಜಾರ್ತೈತೆ. ಬಲಗಡೆ ಒಂದು ತಗ್ಗು ಐತೆ ನೋಡ್ರಿ, ಅದರಾಗೆ ಹಿಮ್ಮಡಿ ಕೂರಿಸ್ಬೇಕು" ಎಂದರು ಅತ್ತೆ. ಹೇಳುತ್ತ ಹೇಳುತ್ತ ಅವರ ಬಲಗಾಲು ತಾನಾಗಿಯೇ ಹೋಗಿ ಆ ತಗ್ಗಿನಲ್ಲಿ ಕೂತಿತು. ಎಡಗಾಲು ಹಿಂಬಾಲಿಸಿತು. ಯಾರ ಕೈಯನ್ನೂ ಹಿಡಿಯಲಿಲ್ಲ, ಕಣ್ಣು ಕೆಳಗೆ ಬಿಡಲಿಲ್ಲ. ಬೆಳಗಿನ ಸ್ನಾನಕ್ಕೆ ಹೋದಷ್ಟೇ ಸಲೀಸಾಗಿ ಮೆಟ್ಟಿಲು ಹತ್ತಿ, ಜಗಲಿ ಹತ್ತಿ, ಗುಡಿಯ ಬಾಗಿಲಲ್ಲಿ ನಿಂತರು. ಕೆಳಗೆ ಊರಿಗೆ ಊರೇ ಬಾಯಿ ಬಿಟ್ಟುಕೊಂಡು ನೋಡುತ್ತಿತ್ತು.

ಒಳಗೆ ಹೋಗುವ ಮುಂಚೆ ತಿರುಗಿ, ಪ್ಯಾಂಟಿನ ಧೂಳು ಕೊಡವಿಕೊಳ್ಳುತ್ತಿದ್ದ ಸಾಹೇಬರಿಗೆ ಹೇಳಿದರು:

"ಸಿಟ್ಟಾಗಬ್ಯಾಡ್ರಿ ಸಾಹೇಬ್ರೇ. ನಮ್ಮ ಸೊಸೆ ಒಂದಿನ ಬಿಡದಂಗೆ ತಿಕ್ಕಿದಾಳೆ, ಅದಕ್ಕೇ ಅಷ್ಟು ನುಣುಪು."

ಆಮೇಲೆ ನನ್ನ ಕಡೆ ನೋಡಿ, "ಕೆಳಗೆ ಯಾಕೆ ನಿಂತಿ? ಬಾರೆ. ನಿನಗೂ ಗೊತ್ತಲ್ಲ, ಎಲ್ಲಿ ಕಾಲಿಡಬೇಕು ಅಂತ" ಎಂದರು.